ಮಾಮಾನ ಮೊದಲ ತೀರ್ಪು

ನಮ್ಮ ಮಾಮಾನ ಎದುರಿಗೆ ಯಾವ ಕೆಲಸವನ್ನೂ ಎರಡನೆಯ ಸಲ ಮಾಡಬಾರದು. ಮೊದಲನೆಯ ಸಲ ಮಾಡಿದ್ದನ್ನು ಅವನು ಮರೆತಿರುವುದಿಲ್ಲ! ಹೋದ ಸಲ ಬಂದಾಗ ನೀವು ಚಹಾ ಬೇಡವೆಂದು ಹಾಲು ಕುಡಿದಿದ್ದರೆ ಮುಗಿಯಿತು, ಆ ಮನೆಯಲ್ಲಿ ನಿಮಗೆ ಸಾಯುವ ತನಕ ಹಾಲೇ. "ಹಿಂದಿನ ತೀರ್ಪು ಐತಲ್ರಿ," ಎಂದು ಲೋಟವನ್ನು ನಿಮ್ಮ ಮುಂದಿಟ್ಟು ಕೂತುಬಿಡುತ್ತಾನೆ. ಮೇಲ್ಮನವಿ ಸಲ್ಲಿಸಬೇಕೆಂದರೆ ನೀವು ಅಡುಗೆಮನೆಗೆ, ನಮ್ಮ ಅತ್ತೆಯ ಹತ್ತಿರ ಹೋಗಬೇಕು. ಅಲ್ಲಿ ಪ್ರಕರಣಗಳು ಬೇಗ ಇತ್ಯರ್ಥವಾಗುತ್ತವೆ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಮನೆ ಸಿಂದಗಿಯಲ್ಲಿ, ಕೆಲಸ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವುದು. ಅವನಿಗೆ ಪ್ರಿಯವಾದ ಪಾಠ ಒಂದೇ. ಒಂದು ನ್ಯಾಯಾಲಯ ಆಡಿದ ಮಾತು ಮುಂದೆ ಬರುವ ನ್ಯಾಯಾಲಯಗಳ ಕೈಯನ್ನು ಹೇಗೆ ಕಟ್ಟುತ್ತದೆ ಎನ್ನುವುದು. ಪುಸ್ತಕದಲ್ಲಿ ಇದಕ್ಕೆ ಪೂರ್ವನಿದರ್ಶನ ಎಂಬ ಭಾರವಾದ ಹೆಸರಿದೆ. ಬೇರೆ ಮಾಸ್ತರರು ನಾಲ್ಕು ದಿನದಲ್ಲಿ ಮುಗಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಮಾಮಾ ಮುಂದಿನ ಅಧ್ಯಾಯದ ಮುಖವನ್ನೇ ನೋಡಿದವನಲ್ಲ.

ಅವನ ಕ್ಲಾಸಿನಲ್ಲಿ ಕೂತ ಪುಣ್ಯವಂತರಲ್ಲಿ ನಾನೂ ಒಬ್ಬಳು. ಮೊದಲ ದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇಲ್ಲಿ ಯಾರೂ ಯಾರಿಗೂ ಮಾಮಾ ಅಲ್ಲ, ತಿಳೀತಿಲ್ಲೊ?" ಎಂದು ಗುಡುಗಿದ. ಆಗಲಿ ಎಂದು ಸರ್ ಅಂದೆ. ಅದೇ ಸಂಜೆ ಅವನ ಮನೆಗೆ ಹೋದಾಗ ಬಾಯಿ ತಪ್ಪಿ ಅಲ್ಲಿಯೂ ಸರ್ ಅಂದುಬಿಟ್ಟೆ. "ಒಮ್ಮೆ ಅಂದಿ, ಇನ್ನ ಹಂಗ ನಡೀಲಿ," ಎಂದ! ಅತ್ತೆ ಮಧ್ಯೆ ಬಂದು ತಡೆಯಾಜ್ಞೆ ಕೊಡುವ ತನಕ ನಾನು ನನ್ನ ಸ್ವಂತ ಸೋದರಮಾವನನ್ನು ಮನೆಯಲ್ಲೂ ಸರ್ ಎಂದೇ ಕರೆಯಬೇಕಾಯಿತು.

ಬಾಗೇವಾಡಿ ಬಸ್ ನಿಲ್ದಾಣದ ಕಥೆಯನ್ನು ಹೇಳದಿದ್ದರೆ ಅವನು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಕ್ರಮ ನಿಮಗೆ ಗೊತ್ತಲ್ಲ? ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆಯುವುದು. ಒಂದು ದಿನ ಒಬ್ಬಾತ ಹಾಗೆ ಟವೆಲ್ ಒಗೆದಿದ್ದ. ಇನ್ನೊಬ್ಬಾತ ಬಾಗಿಲಿನಿಂದ ನುಗ್ಗಿ ಟವೆಲ್ಲಿನ ಮೇಲೆಯೇ ಕೂತುಬಿಟ್ಟಿದ್ದ. ಜಗಳ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂತು. ಕಂಡಕ್ಟರ್ ತನಗೆ ಸಂಬಂಧವೇ ಇಲ್ಲವೆಂದು ಬೇರೆ ಕಡೆ ನೋಡುತ್ತಿದ್ದ. ಯಾರೂ ಕೇಳದಿದ್ದರೂ ಮಾಮಾ ಎದ್ದು ನಿಂತ. ಎರಡೂ ಕಡೆಯ ವಾದ ಕೇಳಿದ. ಕಿಟಕಿಯ ಎತ್ತರ ನೋಡಿದ. "ಟವೆಲ್ ಮೊದಲ ಬಂದೈತಿ. ಸೀಟು ಟವೆಲ್ ಹಾಕಿದವಂದು," ಎಂದು ತೀರ್ಪು ಕೊಟ್ಟ. ಬಿಳಿ ಅಂಗಿ, ದೊಡ್ಡ ದನಿ, ಜನ ಒಪ್ಪಿಕೊಂಡರು.

ಮುಂದಿನ ವಾರ ಅದೇ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸು ಹತ್ತಿ, ಖಾಲಿ ಸೀಟು ಕಂಡು ಆರಾಮಾಗಿ ಕೂತ. ಬಸ್ಸು ಹೊರಡುವ ಹೊತ್ತಿಗೆ ಬೆನ್ನ ಹಿಂದೆ ಏನೋ ಒತ್ತಿದಂತಾಯಿತು. ನೋಡಿದರೆ ಯಾರೋ ಮುದ್ದೆ ಮಾಡಿ ಒಗೆದ ದಸ್ತಿ, ಕರವಸ್ತ್ರ! ದಸ್ತಿಯ ಒಡೆಯ ಓಡಿಬಂದು ಇವನನ್ನು ನೋಡಿ, "ಇರ್ಲಿ ಬಿಡ್ರಿ, ಹಿರೇರದೀರಿ, ಕುಂಡ್ರಿ," ಎಂದ. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಕೂತೇ ಇರುತ್ತಿದ್ದರು. ಮಾಮಾ ಎದ್ದುಬಿಟ್ಟ. "ಅದ್ಹೆಂಗ ಕುಂಡ್ರಲಿ? ಹೋದ ವಾರ ನಾನ ತೀರ್ಪು ಹೇಳೇನಿ." ದಸ್ತಿಯವನಿಗೆ ಇವನ ಮಾತು ಒಂದೂ ತಿಳಿಯಲಿಲ್ಲ. ಮಾಮಾ ನಡುವಿನ ದಾರಿಯಲ್ಲಿದ್ದ ಯಾರದೋ ಜೋಳದ ಚೀಲದ ಮೇಲೆ ಕೂತು ಮುದ್ದೇಬಿಹಾಳದ ತನಕ ಹೋದ.

ಮರುದಿನ ಕ್ಲಾಸಿನಲ್ಲಿ ಇದೇ ಪಾಠ. "ಟವೆಲ್ ಹಾಕಿದ್ರ ಸೀಟು ಸಿಗತೈತಿ ಅಂತ ಒಂದು ತೀರ್ಪು ಐತಿ. ಈಗ ದಸ್ತಿ ಹಾಕಿದ್ರ? ಹೇಳ್ರಿ." ದಸ್ತಿಯೂ ಬಟ್ಟೆಯೇ, ನಡೆಯುತ್ತದೆ ಎಂದೆವು. "ಚಪ್ಪಲ್ ಇಟ್ರ?" ಕ್ಲಾಸು ಎರಡು ಪಾಲಾಯಿತು. "ಕೂಸಿನ್ನ ಕಿಡಕಿಯಿಂದ ಒಳಗ ಇಳಿಸಿದ್ರ?" ಕ್ಲಾಸು ಹೊತ್ತಿ ಉರಿಯಿತು! ಕೂಸು ವಸ್ತುವೋ, ಪ್ರಯಾಣಿಕನೋ? ಕೂಸು ತನಗಾಗಿ ಸೀಟು ಹಿಡಿಯಿತೋ, ಅವ್ವನಿಗಾಗಿಯೋ? ಹೀಗೆ ಜಗಳಾಡುತ್ತಲೇ ನಮಗೆ ವಿಷಯ ತಿಳಿದಿತ್ತು. ತೀರ್ಪಿನಲ್ಲಿ ಕಟ್ಟಿಹಾಕುವುದು ಅದರ ಕಾರಣ. ನ್ಯಾಯಾಧೀಶ ಹೋಗುತ್ತ ಬರುತ್ತ ಆಡಿದ ಉಳಿದ ಮಾತು ಕಟ್ಟಿಹಾಕುವುದಿಲ್ಲ. ಹಳೆಯ ಪ್ರಕರಣ ಬೇರೆ, ಹೊಸದು ಬೇರೆ ಎಂದು ತೋರಿಸಿದರೆ ಹಳೆಯ ತೀರ್ಪಿನಿಂದ ಬಿಡಿಸಿಕೊಳ್ಳಬಹುದು. ತೋರಿಸಲಾಗದಿದ್ದರೆ ತಲೆ ಬಾಗಿಸಬೇಕು.

ನಗು ಮುಗಿದ ಮೇಲೆ ಅವನ ದನಿ ಬದಲಾಗುತ್ತಿತ್ತು. ಡಸ್ಟರ್ ಕೆಳಗಿಟ್ಟು ಹೇಳುತ್ತಿದ್ದ: "ನಾ ಅವತ್ತ ಇಬ್ಬರ ಜಗಳಾ ಬಗಿಹರಿಸೇನಿ ಅಂತ ತಿಳಕೊಂಡಿದ್ದೆ. ಆದ್ರ ಏನಾತು? ಇಂಡಿಯಿಂದ ಮುದ್ದೇಬಿಹಾಳದ ತನಕ ಎಲ್ಲಾ ಟವೆಲ್ಲಿಗೂ ಒಂದು ಹಕ್ಕು ಹುಟ್ಟಿತು. ವಿಧಾನಸಭಾದವ್ರು ಕೊಟ್ರೇನು? ಇಲ್ಲ. ಟವೆಲ್ ಇಲ್ಲದ ಮುದುಕಿಗೆ ಸೀಟು ತಪ್ಪಿತು. ಆಕಿ ಅವತ್ತ ಬಸ್ಸಿನ್ಯಾಗ ಇರಲಿಲ್ಲ, ಆಕಿ ಮಾತು ಯಾರೂ ಕೇಳಲಿಲ್ಲ. ನ್ಯಾಯಾಧೀಶನ ಅಧಿಕಾರ ಅಂದ್ರ ಇದು. ಎದುರಿಗಿದ್ದ ಇಬ್ಬರಿಗೆ ಹೇಳಿದ್ದು, ಎದುರಿಗಿಲ್ಲದ ಸಾವಿರ ಮಂದಿಗೆ ತಗಲತೈತಿ. ಅದಕ್ಕ ಬರಿಯೂ ಮುಂದ ಕೈ ನಡಗಬೇಕು. ನಡಗದಿದ್ರ ಆ ಖುರ್ಚಿ ಮ್ಯಾಲ ಕುಂಡ್ರಬ್ಯಾಡ್ರಿ."

ಇಷ್ಟು ದೊಡ್ಡ ಮನುಷ್ಯ ಮನೆಯಲ್ಲಿ ಒಂದು ಪ್ರಕರಣವನ್ನೂ ಗೆದ್ದವನಲ್ಲ! ಅತ್ತೆಗೆ ಜ್ವರ ಬಂದಾಗ ಒಂದು ಭಾನುವಾರ ಪಾಪ, ಪಾತ್ರೆ ತಿಕ್ಕಿದ್ದ. ಮುಂದಿನ ಭಾನುವಾರ ಅತ್ತೆ ಪಾತ್ರೆಗಳನ್ನೆಲ್ಲ ಹಾಗೇ ಬಿಟ್ಟು ಸೋಫಾದ ಮೇಲೆ ಕೂತಿದ್ದಳು. ಮಾಮಾ ವಾದ ಹೂಡಿದ: "ಅವತ್ತ ನಿನಗ ಜ್ವರ ಇತ್ತು. ಆ ಪ್ರಕರಣಾನ ಬ್ಯಾರೆ." ಅತ್ತೆ ಶಾಂತವಾಗಿ ಹೇಳಿದಳು: "ತೀರ್ಪಿನ್ಯಾಗ ಜ್ವರದ ಮಾತು ಎಲ್ಲೈತ್ರಿ? 'ಇವತ್ತ ಐತ್ವಾರ, ಸಾಲಿ ಸೂಟಿ, ನಾನ ತಿಕ್ತೇನಿ' ಅಂದ್ರಿ. ಕಾರಣ ಐತ್ವಾರ." ಮಾಮಾ ತೋಳು ಮಡಚಿಕೊಂಡು ಬಚ್ಚಲಿಗೆ ನಡೆದ. ಭಾನುವಾರ ಅವರ ಮನೆಗೆ ಹೋದವರು ಈಗಲೂ ಆ ದೃಶ್ಯ ನೋಡಬಹುದು.

ಇಂಥ ಕಥೆಗಳನ್ನು ಕೇಳಿ ನನ್ನ ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಮ್ಮನ ಒಂದು ತೀರ್ಪಿನ ಮಾತು ಬಂದಾಗ ಮಾತ್ರ ನಗುತ್ತಿರಲಿಲ್ಲ. ಅದು ಅವನು ಜೀವನದಲ್ಲಿ ಕೊಟ್ಟ ಮೊಟ್ಟಮೊದಲ ತೀರ್ಪು. ಅದರಲ್ಲಿ ಸೋತವಳು ಅವ್ವ.

ಅಜ್ಜನ ಹೊಲ ಆಲಮೇಲದ ಹತ್ತಿರ. ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಜೋಳ ಎದೆಮಟ್ಟ ಬಂದಿರುವ ಕಾಲ, ಭೂಮಿ ಬಸುರಿ ಎಂದು ನಂಬಿಕೆ. ಬಸುರಿಗೆ ಬಯಕೆಯ ಊಟ ಉಣ್ಣಿಸುವ ಹಾಗೆ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲೆಸಿ ಬುಟ್ಟಿಯಲ್ಲಿ ತುಂಬಿ, ಹೊಲದ ತುಂಬ ಎರಚುತ್ತ ನಡೆಯುವುದು. ಹಿಂದೊಬ್ಬರು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಬರುತ್ತಾರೆ. ಅಡುಗೆ ಮಾಡುವವರು ಹೆಂಗಸರು. ನಮ್ಮ ಮನೆತನದಲ್ಲಿ ಚೆಲ್ಲುವವನು ಮಾತ್ರ ಮನೆಯ ಗಂಡಸು.

ಮಾಮಾ ಕಾನೂನು ಓದುತ್ತಿದ್ದ ವರ್ಷಗಳಲ್ಲಿ ಅಜ್ಜ ಹಾಸಿಗೆ ಹಿಡಿದಿದ್ದ. ಆಗ ಹೊಲ ನೋಡಿಕೊಂಡವಳು ಅವ್ವ. ಹೂವಿನ ಹಿಪ್ಪರಗಿಯಲ್ಲಿ ಗಂಡನ ಮನೆಯ ಕೆಲಸ ತೀರಿಸಿ, ಬಿತ್ತುವ ಹೊತ್ತಿಗೆ ಬಸ್ಸು ಬದಲಿಸುತ್ತ ಆಲಮೇಲಕ್ಕೆ ಬಂದು, ಕೂರಿಗೆಯ ಹಿಂದೆ ನಡೆದು ಬೀಜ ಬಿಡುತ್ತಿದ್ದಳು. ಅಜ್ಜ ತೀರಿಕೊಂಡ ವರ್ಷ ಎಳ್ಳಮಾವಾಸ್ಯೆ ಬಂತು. ಪೂಜೆ ಮುಗಿದ ಮೇಲೆ ಅವ್ವ ಬುಟ್ಟಿ ಎತ್ತಿಕೊಂಡು, "ಈ ಸಲ ಚರಗ ನಾ ಚೆಲ್ತೇನಿ. ಬೀಜಾ ಹಾಕಿದ ಕೈ ಇದು, ಉಣ್ಣಸಾಕ ಯಾಕ ಬರಬಾರ್ದು?" ಎಂದಳು. ಹಿರಿಯರು ಮುಖ ಮುಖ ನೋಡಿಕೊಂಡರು. ಕೊಟ್ಟ ಹೆಣ್ಣು ಹೊರಗಿನವಳು ಎಂದು ಯಾರೋ ಗೊಣಗಿದರು. ಕೊನೆಗೆ ಎಲ್ಲರೂ ಮಾಮಾನ ಕಡೆ ತಿರುಗಿದರು: "ನೀ ಕಾಯ್ದೆ ಓದಿ ಬಂದೀಯಲ್ಲ, ನೀನ ಹೇಳಪಾ."

ಅವನಿಗಾಗ ಮೀಸೆ ಸರಿಯಾಗಿ ಬಂದಿರಲಿಲ್ಲ, ತೀರ್ಪು ಮಾತ್ರ ತಟ್ಟನೆ ಬಂತು. "ಹಿಂದಿನಿಂದ ಗಂಡಸ್ರ ಚೆಲ್ಲಕೋತ ಬಂದಾರ. ಅದನ್ನ ಮುರಿಯಾಕ ಕಾರಣ ಕಾಣಂಗಿಲ್ಲ. ನಾ ಚೆಲ್ತೇನಿ." ಓದಿದ್ದು ದಂಡವಾಗಲಿಲ್ಲ ಎಂದು ಹಿರಿಯರು ತಲೆದೂಗಿದರು. ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಏನು ನಡೆಯಿತೆಂದು ತಿಳಿಯುವ ವಯಸ್ಸಲ್ಲ; ಅವಳು ಬುಟ್ಟಿಯನ್ನು ಅವನ ಕೈಗೆ ಕೊಟ್ಟದ್ದು ನೆನಪಿದೆ. ಅಂದಿನಿಂದ ಪ್ರತಿ ವರ್ಷ ಚರಗದ ಅಡುಗೆ ಅವ್ವನದೇ, ಚೆಲ್ಲುವವನು ಮಾಮಾ. ಅವ್ವ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ತಮ್ಮನ ಮೇಲಿನ ಮಾಯೆಯೂ ಕಡಿಮೆಯಾಗಲಿಲ್ಲ. ಅವನು ಹೊಲಕ್ಕೆ ಇಳಿದಾಗ ಬನ್ನಿ ಗಿಡದ ಕೆಳಗೆ ನಿಂತು ನೋಡುತ್ತಿದ್ದಳು, ಅಷ್ಟೆ. ಆ ನಿಲುವು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ನಾನು ಕೊನೆಯ ವರ್ಷದಲ್ಲಿದ್ದಾಗ ಒಂದು ದಿನ ಮಾಮಾ ತೀರ್ಪು ರದ್ದಾಗುವುದರ ಬಗ್ಗೆ ಪಾಠ ಮಾಡುತ್ತಿದ್ದ. ಹೆಚ್ಚು ನ್ಯಾಯಾಧೀಶರು ಕೂತ ದೊಡ್ಡ ಪೀಠವೊಂದು ಹಳೆಯ ತೀರ್ಪು ತಪ್ಪೆಂದು ಹೇಳಿದರೆ, ಅದು ಇವತ್ತು ತಪ್ಪಾದದ್ದಲ್ಲ. ಹೇಳಿದ ದಿನವೇ ತಪ್ಪಾಗಿತ್ತು ಎಂದು ಅರ್ಥ. ಮುಂದೆ ಬರುವವರಿಗೆಲ್ಲ ಹೊಸ ಮಾತು ಅನ್ವಯ. ಇಂಡಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ.

"ಸರ್, ಹಳೇ ಕೇಸಿನ್ಯಾಗ ಸೋತಾಕಿ ಇರ್ತಾಳಲ್ರಿ, ಆಕಿಗೆ ಏನ್ ಸಿಗತೈತಿ?"

"ಆಕಿ ಕೇಸು ಮುಗದು ಹೋಗೇತಿ. ಅದನ್ನ ತಿರುಗಿ ತೆರಿಯಾಕ ಬರಂಗಿಲ್ಲ."

"ತೀರ್ಪು ತಪ್ಪಿತ್ತು ಅಂತ ಎಲ್ಲಾರೂ ಒಪ್ಪಿದ ಮ್ಯಾಲೂ?"

ಮಾಮಾ ಬೋರ್ಡಿನ ಕಡೆ ತಿರುಗಿದ. ಏನೂ ಬರೆದಿರದ ಬೋರ್ಡನ್ನು ಒರೆಸಿದ. ಗಂಟೆ ಹೊಡೆಯುವ ಮೊದಲೇ ಹೊರಗೆ ನಡೆದುಬಿಟ್ಟ. ಅವನು ಕ್ಲಾಸು ಬೇಗ ಬಿಟ್ಟದ್ದನ್ನು ಯಾರೂ ಯಾವತ್ತೂ ಕಂಡಿರಲಿಲ್ಲ.

ಅಂದು ಮಾಮಾನ ಮನೆಯಲ್ಲಿ ಊಟಕ್ಕೆ ಕೂತಾಗ, ನನ್ನಿಂದ ಕ್ಲಾಸಿನ ಸುದ್ದಿ ಕೇಳಿದ್ದ ಅತ್ತೆ ರೊಟ್ಟಿ ಬಡಿಸುತ್ತ ಹೇಳಿಯೇಬಿಟ್ಟಳು: "ಆ ಚರಗದ ತೀರ್ಪು ತಪ್ಪು ಅಂತ ನಿಮಗೂ ಅನಸೇತಿ. ರದ್ದು ಮಾಡ್ರಿ, ಮುಗೀತು."

"ಹಂಗ ಬರಂಗಿಲ್ಲ. ನಾ ಒಬ್ಬಾಂವ ಹೇಳಿದ್ದು, ನಾ ಒಬ್ಬಾಂವನ ರದ್ದು ಮಾಡಾಕ ಬರಂಗಿಲ್ಲ. ದೊಡ್ಡ ಪೀಠ ಬೇಕು."

"ನಿಮಗಿಂತ ದೊಡ್ಡಾಕಿ ನಿಮ್ಮ ಅಕ್ಕ ಅದಾಳಲ್ರಿ."

"ಆಕಿದ ಕೇಸು. ತನ್ನ ಕೇಸಿಗೆ ತಾನ ನ್ಯಾಯಾಧೀಶ ಆಗಾಕ ಬರತೈತೇನು?"

"ಅವತ್ತ ನೀವು ಆಗಿದ್ರಲ್ಲ!" ಎಂದಳು ಅತ್ತೆ.

ಆ ವರ್ಷ ಎಳ್ಳಮಾವಾಸ್ಯೆಗೆ ಸ್ವಲ್ಪ ಮುಂಚೆ ಮಾಮಾ ಕಾಲೇಜಿನ ಮೆಟ್ಟಿಲಿನ ಮೇಲೆ ಜಾರಿ ಕಾಲು ಮುರಿದುಕೊಂಡ. ತೊಡೆಯ ತನಕ ಪ್ಲಾಸ್ಟರ್. ಇನ್ನು ಚರಗ ಚೆಲ್ಲುವವರು ಯಾರು? ಅವನಿಗೆ ಗಂಡುಮಕ್ಕಳಿಲ್ಲ, ಇರುವವಳು ಒಬ್ಬಳೇ ಮಗಳು. "ನಾ ಚೆಲ್ತೇನಪ್ಪಾ," ಎಂದಳು ಮಗಳು. ಮಾಮಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇಡೀ ಕ್ಲಾಸನ್ನು ಹೊಲದ ಊಟಕ್ಕೆ ಕರೆದುಬಿಟ್ಟ.

ಊಟಕ್ಕೆ ಕರೆಯುವುದು ನಮ್ಮಲ್ಲಿ ರೂಢಿಯೇ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಬೆಳಿಗ್ಗೆ ಎಲ್ಲರೂ ಆಲಮೇಲಕ್ಕೆ ಬಂದಿಳಿದರು. ಅವ್ವ ಹಿಂದಿನ ದಿನವೇ ಬಂದು ಅಡುಗೆಗೆ ನಿಂತಿದ್ದಳು. ಬನ್ನಿ ಗಿಡದ ಕೆಳಗೆ ಕಲ್ಲುಗಳನ್ನಿಟ್ಟು ಪೂಜೆಯಾಯಿತು. ಬುಟ್ಟಿ ತುಂಬಿತು. ಮಗಳು ಬುಟ್ಟಿಗೆ ಕೈ ಹಾಕಿದಳು.

"ನಿಂದ್ರು. ಇಲ್ಲೊಂದು ಹಿಂದಿನ ತೀರ್ಪು ಐತಿ," ಎಂದ ಮಾಮಾ. ಗಿಡಕ್ಕೆ ಬೆನ್ನು ಕೊಟ್ಟು, ಪ್ಲಾಸ್ಟರಿನ ಕಾಲು ಉದ್ದಕ್ಕೆ ಚಾಚಿ ಕೂತಿದ್ದ. "ಅದನ್ನ ಹೇಳಿದಾಂವ ನಾನು. ಇವತ್ತ ನಾ ನ್ಯಾಯಾಧೀಶ ಅಲ್ಲ. ನೀವಿಷ್ಟೂ ಮಂದಿ ದೊಡ್ಡ ಪೀಠ. ಕೇಳ್ರಿ, ನಿರ್ಣಯ ಮಾಡ್ರಿ."

ಬುತ್ತಿಯ ಗಂಟುಗಳಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಚರಗ ಚೆಲ್ಲದೆ ಊಟವಿಲ್ಲ. ಇಷ್ಟು ಹಸಿದ ಪೀಠ ಯಾವ ದೇಶದಲ್ಲೂ ಕೂತಿರಲಿಕ್ಕಿಲ್ಲ! ಆದರೂ ಮಾಮಾ ಅಂದಿನ ಸಂಗತಿಯನ್ನು ಹೇಳತೊಡಗಿದ ಮೇಲೆ ಯಾರೂ ಬುತ್ತಿಯ ಕಡೆ ನೋಡಲಿಲ್ಲ. ತನ್ನ ಪರವಾಗಿ ಅವನು ಒಂದು ಮಾತನ್ನೂ ಸೇರಿಸಲಿಲ್ಲ. ಅವ್ವ ರೊಟ್ಟಿಯ ಗಂಟು ಬಿಚ್ಚುವುದನ್ನು ನಿಲ್ಲಿಸಿ ಹಾಗೇ ಕೂತಿದ್ದಳು.

ಮುದ್ದೇಬಿಹಾಳದ ಹುಡುಗನೊಬ್ಬ ಮೊದಲು ಬಾಯಿ ಬಿಟ್ಟ. "ಸರ್, ತೀರ್ಪು ಹೇಳಿದವ್ರು ನೀವು. ಬುಟ್ಟಿ ಸಿಕ್ಕಿದ್ದೂ ನಿಮಗ."

"ಹೌದು. ಬರಕೋರಿ."

ಇಂಡಿಯ ಹುಡುಗಿ ಕೇಳಿದಳು: "ಕಾರಣ ಏನ್ ಕೊಟ್ಟಿದ್ರಿ?"

"ಹಿಂದಿನಿಂದ ಗಂಡಸ್ರ ಚೆಲ್ಲಕೋತ ಬಂದಾರ ಅಂತ."

"ಅದಕ್ಕಿಂತ ಮೊದಲ ಯಾವ ಹೆಣ್ಮಗಳರ ನಾ ಚೆಲ್ತೇನಿ ಅಂತ ಕೇಳಿದ್ಲೇನ್ರಿ? ಕೇಳಿದಾಕಿಗೆ ಯಾರರ ಬ್ಯಾಡ ಅಂದಿದ್ರೇನ್ರಿ?"

"ಇಲ್ಲ. ಯಾರೂ ಕೇಳಿದ್ದಿಲ್ಲ. ಅಕ್ಕಾನ ಮೊದಲ ಕೇಳಿದಾಕಿ."

"ಹಂಗಾದ್ರ ಹಿಂದಿನ ತೀರ್ಪು ಅನ್ನೂದು ಇರಲೇ ಇಲ್ರಿ ಸರ್. ವಾದಕ್ಕ ಬರದ ಪ್ರಶ್ನೆ ನಿರ್ಣಯ ಆದಂಗಲ್ಲ ಅಂತ ನೀವ ಕಲಿಸೀರಿ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಐತಿ ಅಂತ ತಿಳಕೊಂಡ್ರಿ. ನಿಮ್ಮ ಕೈ ಯಾರೂ ಕಟ್ಟಿದ್ದಿಲ್ಲ. ಅವತ್ತ ನೀವು ಹೂಂ ಅನಬಹುದಿತ್ತು."

ಪೀಠದವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ತೀರ್ಪು ರದ್ದಾಯಿತು. ಮಗಳು ಚರಗ ಚೆಲ್ಲಬಹುದು, ಮುಂದೆ ಅವಳ ಮಗಳೂ ಚೆಲ್ಲಬಹುದು. ಆದರೂ ಯಾರೂ ಊಟದ ಮಾತೆತ್ತಲಿಲ್ಲ. ಇಂಡಿಯ ಹುಡುಗಿ ಅವ್ವನ ಕಡೆ ನೋಡುತ್ತ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಮಾಮಾ ಅವ್ವನ ಕಡೆ ತಿರುಗಿದ.

"ಅಕ್ಕಾ, ನಾ ಹೇಳಿದ್ದು ತಪ್ಪಿತ್ತು. ಇವತ್ತ ತಪ್ಪಾಗಿದ್ದಲ್ಲ, ಹೇಳಿದ ದಿನಾನ ತಪ್ಪಿತ್ತು. ಹೋದ ವರ್ಷಗಳು ತಿರುಗಿ ಬರಂಗಿಲ್ಲ. ಕಾಯ್ದೆದಾಗ ನಿನಗ ಕೊಡಾಕ ನನ್ನ ಹತ್ರ ಏನೂ ಇಲ್ಲವ್ವಾ. ಇಷ್ಟು ಓದೇನಿ, ಇಷ್ಟು ಹೇಳೇನಿ, ಏನೂ ಇಲ್ಲ."

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಚರಗಾ ಹೋಗಲಿ ಬಿಡೋ ತಮ್ಮಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ನೀ ತೀರ್ಪು ಹೇಳೂ ಮುಂದ ಹಿರೇರ ಮಾರಿ ನೋಡಕೋತ ಹೇಳಿದಿ. ನನ್ನ ಮಾರಿ ನೋಡಲಿಲ್ಲ. ನನಗ ಅದೊಂದ ಹೊಟ್ಯಾಗ ಉಳದಿತ್ತು. ಇವತ್ತ ನೋಡಿ ಹೇಳಿದಿ."

ಮಾಮಾನ ಮಗಳು ಬುಟ್ಟಿಯನ್ನು ಎತ್ತಿ ತಂದು ಅವ್ವನ ಎದುರಿಗೆ ಹಿಡಿದಳು. ಅವ್ವ ಬೇಡವೆಂದು ತಲೆಯಾಡಿಸಿದಳು. ಹುಡುಗಿ ಬುಟ್ಟಿಯನ್ನು ಇಳಿಸಲಿಲ್ಲ. ಅವ್ವ ತಮ್ಮನ ಮಗಳ ಮುಖವನ್ನೊಮ್ಮೆ ನೋಡಿ, ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊಲಕ್ಕೆ ಇಳಿದಳು. ಹುಡುಗಿ ತಂಬಿಗೆ ಹಿಡಿದು ಹಿಂದೆ ನಡೆದಳು. ಅವ್ವನ ಕೈ ಬುಟ್ಟಿಗೆ ಹೋಗುವುದು, ಹೊರಗೆ ಬರುವುದು, ಬೀಸುವುದು, ಮೊದಲಿಗೆ ಸ್ವಲ್ಪ ತಡವರಿಸಿ ಆಮೇಲೆ ಸಲೀಸಾಯಿತು.

ಇಲ್ಲಿ ಮಾಮಾ ಗಿಡ ಹಿಡಿದುಕೊಂಡು ಏಳತೊಡಗಿದ. "ಕುಂಡ್ರಿ, ಬಿದ್ದಗಿದ್ದೀರಿ," ಎಂದು ಅತ್ತೆ ಗದರಿದಳು. "ಅಕ್ಕ ನಡದಾಳ, ನಾ ಹೆಂಗ ಕುಂಡ್ರಲಿ?" ಎಂದ. ಅವನು ಎದ್ದದ್ದನ್ನು ನೋಡಿ ಇಡೀ ಕ್ಲಾಸು ಎದ್ದು ನಿಂತಿತು. ಅವ್ವ ಹೊಲದ ಆ ತುದಿ ಮುಟ್ಟಿ ತಿರುಗಿ ಬರುವ ತನಕ ಯಾರೂ ಕೂರಲಿಲ್ಲ. ಮಾಮಾ ಒಂದೇ ಕಾಲಿನ ಮೇಲೆ, ಎರಡೂ ಕೈಯಿಂದ ಗಿಡ ತಬ್ಬಿಕೊಂಡು ನಿಂತಿದ್ದ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಟ್ಟರೆ ಬೀಳುತ್ತಿದ್ದ. ಅದಕ್ಕೆ ಹಾಗೇ ಬಿಟ್ಟಿದ್ದ.